ಕೊಡಗಿಗೆ ಹತ್ತಿರದ ವಿಮಾನ ನಿಲ್ದಾಣ ಯಾವುದು? ಅದಕ್ಕೂ ಮೊದಲು, ಬರುವುದು ಯಾವ ತಿಂಗಳಲ್ಲಿ?

ನಾನು ವಿರಾಜಪೇಟೆ ಕಡೆಯವನು ಎಂದು ಗೊತ್ತಾದ ಕೂಡಲೇ ದೆಹಲಿಯ ಗೆಳೆಯರು, ಮುಂಬೈಯ ನೆಂಟರು, ಗಲ್ಫಿನಲ್ಲಿರುವ ನಮ್ಮೂರ ಹುಡುಗರು ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಕೊಡಗಿಗೆ ಹತ್ತಿರದ ಏರ್‌ಪೋರ್ಟ್ ಯಾವುದು? ಬರುವುದು ಯಾವ ತಿಂಗಳಲ್ಲಿ ಎಂದು ನಾನು ತಿರುಗಿ ಕೇಳುತ್ತೇನೆ. ಕೆಲವರಿಗೆ ಸಿಟ್ಟು ಬರುತ್ತದೆ. ಹತ್ತಿರ ಎಂದರೆ ಹತ್ತಿರ, ಅದಕ್ಕೆ ಆಷಾಢವೇನು ಕಾರ್ತಿಕವೇನು ಎಂಬುದು ಅವರ ವಾದ. ಮೊಬೈಲಿನ ನಕ್ಷೆಯೂ ಅವರ ಪರವಾಗಿಯೇ ಸಾಕ್ಷಿ ನುಡಿಯುತ್ತದೆ.

ನಕ್ಷೆ ಹೇಳುವುದು ಸುಳ್ಳಲ್ಲ. ಕಣ್ಣೂರು ವಿಮಾನ ನಿಲ್ದಾಣ ಇರುವುದು ಕಣ್ಣೂರು ಪಟ್ಟಣದಲ್ಲಲ್ಲ. ಒಳನಾಡಿನ ಮಟ್ಟನ್ನೂರಿನಲ್ಲಿ, ಅಂದರೆ ನಮ್ಮ ಬೆಟ್ಟಗಳ ಕಡೆಗೆ ಇನ್ನಷ್ಟು ಸರಿದು. ಅಲ್ಲಿಂದ ಇರಿಟ್ಟಿ, ಕೂಟುಪುಳ, ಮಾಕುಟ್ಟ ದಾಟಿ ಪೆರುಂಬಾಡಿಗೆ ಹತ್ತಿದರೆ ವಿರಾಜಪೇಟೆ ಸುಮಾರು 60 ಕಿಲೋಮೀಟರ್, ಮಡಿಕೇರಿ ಸುಮಾರು 90. ಮೈಸೂರಿನ ಮಂಡಕಳ್ಳಿಯಿಂದ ಮಡಿಕೇರಿಗೆ ಸುಮಾರು 125, ಮಂಗಳೂರಿನ ಬಜ್ಪೆಯಿಂದ ಸುಮಾರು 140. ದೇವನಹಳ್ಳಿಯಿಂದ 290ರ ಆಸುಪಾಸು. ಅದರಲ್ಲೂ ಮೊದಲು ಬೆಂಗಳೂರು ಎಂಬ ಘಾಟಿಯನ್ನು ದಾಟಬೇಕು. ಹಾಗಾಗಿ 2018ರ ಡಿಸೆಂಬರ್ 9ರಂದು ಕಣ್ಣೂರು ನಿಲ್ದಾಣ ಉದ್ಘಾಟನೆಯಾದಾಗ, ಅದು ಕೇರಳದ್ದಾದರೂ ನಮ್ಮದೇ ಎಂಬಂತೆ ನಾವು ಸಂಭ್ರಮಪಟ್ಟೆವು. ರೈಲನ್ನೇ ಕಾಣದ ಜಿಲ್ಲೆಗೆ ಎರಡು ಗಂಟೆಯ ದೂರದಲ್ಲಿ ವಿಮಾನ!

ನನ್ನ ಅಕ್ಕನ ಮಗ ಅಬುಧಾಬಿಯಲ್ಲಿದ್ದಾನೆ. ಒಂದು ವರ್ಷ ಜುಲೈಯಲ್ಲಿ ಫೋನ್ ಮಾಡಿ, "ಮಾವ, ಕಣ್ಣೂರಿಗೆ ಟಿಕೆಟ್ ಸಿಕ್ಕಿತು. ರಾತ್ರಿ ಎಂಟಕ್ಕೆ ಇಳಿದರೆ ಹನ್ನೊಂದರೊಳಗೆ ಅಮ್ಮನ ಕೈಯೂಟ" ಎಂದ. ಮಳೆಗಾಲದ ರಾತ್ರಿ ಮಾಕುಟ್ಟ ಹತ್ತುವುದು ಬೇಡ ಎಂದು ಹೇಳಿ ನೋಡಿದೆ. ಟಿಕೆಟ್ ಆಗಿಹೋಗಿತ್ತು. ಜೀಪು ತೆಗೆದುಕೊಂಡು ನಾನೇ ಹೋದೆ. ಇಳಿಯುವಾಗ ಬರೀ ಮಳೆ. ಹತ್ತುವಾಗ, ಕಾಡಿನ ನಟ್ಟನಡುವೆ, ರಸ್ತೆಗೆ ಅಡ್ಡಲಾಗಿ ಒಂದು ಮರ.

ಆ ಘಾಟಿಯನ್ನು ಕಾಣದವರಿಗೆ ಒಂದು ಮಾತು. ಗಡಿ ದಾಟಿದ ಮೇಲೆ ಪೆರುಂಬಾಡಿಯವರೆಗೂ ದಟ್ಟ ಕಾಡು. ದೀಪವಿಲ್ಲ, ಅಂಗಡಿಯಿಲ್ಲ, ಮೊಬೈಲ್ ಸಿಗ್ನಲ್ ಬಂದರೆ ಪುಣ್ಯ. ಒಂದು ಬದಿಗೆ ನೀರು ಸುರಿಯುವ ಧರೆ, ಇನ್ನೊಂದು ಬದಿಗೆ ಕಾಣಿಸದ ಕೊರಕಲು. ನಮ್ಮ ಮುಂದೆ ಮೀನು ತುಂಬಿದ ಪಿಕಪ್, ಹಿಂದೆ ಬೆಂಗಳೂರಿಗೆ ಹೊರಟ ರಾತ್ರಿ ಬಸ್. ನನ್ನ ಜೀಪಿನಲ್ಲಿ ಮಳೆಗಾಲ ಪೂರ್ತಿ ಕತ್ತಿಯೂ ಹಗ್ಗವೂ ಇರುತ್ತವೆ. ಮೀನಿನವನ ಬಳಿಯೂ ಒಂದು ಕತ್ತಿ ಇತ್ತು. ಕೊಂಬೆಗಳನ್ನು ಕಡಿದೆವು, ಕಾಂಡಕ್ಕೆ ನಮ್ಮ ಕತ್ತಿ ಲೆಕ್ಕಕ್ಕಿಲ್ಲ. ಮೇಲಿನಿಂದ ಗರಗಸದ ಯಂತ್ರ ಹಿಡಿದುಕೊಂಡು ಜನ ಬರುವ ಹೊತ್ತಿಗೆ ಮೂರು ಗಂಟೆ ದಾಟಿತ್ತು. ಅಷ್ಟರಲ್ಲಿ ಹುಡುಗನ ಹೊಸ ಬೂಟು ಕೆಸರಿನ ಬಣ್ಣಕ್ಕೆ ತಿರುಗಿತ್ತು, ಬಸ್ಸಿನ ಮಕ್ಕಳೆಲ್ಲ ಅವನು ತಂದಿದ್ದ ಖರ್ಜೂರ ತಿಂದು ಮುಗಿಸಿದ್ದರು. ಅಬುಧಾಬಿಯಿಂದ ಕಣ್ಣೂರಿಗೆ ನಾಲ್ಕು ಗಂಟೆ, ಕಣ್ಣೂರಿನಿಂದ ಮನೆಗೆ ಎಂಟು. "ಮಾವ, ಇದಕ್ಕಿಂತ ಬೆಂಗಳೂರಿಗೆ ಇಳಿದಿದ್ದರೆ ಇಷ್ಟು ಹೊತ್ತಿಗೆ ಒಂದು ನಿದ್ದೆ ಮುಗಿಯುತ್ತಿತ್ತು" ಎಂದು ಅವನೇ ಹೇಳಿದ. ನಾನು ಉತ್ತರ ಕೊಡಲಿಲ್ಲ. ಹೇಳಿದ್ದೆನಲ್ಲ ಎಂಬ ಮಾತನ್ನು ಮಾವಂದಿರು ಮನಸ್ಸಿನಲ್ಲಿ ಹೇಳಿಕೊಂಡರೆ ಚೆನ್ನ.

ಮರ ಬಿದ್ದದ್ದು ನಮ್ಮ ದುರದೃಷ್ಟ ಎನ್ನಬಹುದು. ಆದರೆ ಇದು ಅದೃಷ್ಟದ ಮಾತಲ್ಲ, ಬೆಟ್ಟದ ಆಕಾರದ ಮಾತು. ಸಹ್ಯಾದ್ರಿಯ ಪಶ್ಚಿಮದ ಮುಖ ಗೋಡೆಯಂತೆ ಕಡಿದಾಗಿದೆ. ಅರಬ್ಬಿ ಸಮುದ್ರದಿಂದ ಬರುವ ಮೋಡ ಮೊದಲು ಬಡಿಯುವುದೂ ಆ ಗೋಡೆಗೇ. ಕಣ್ಣೂರಿನಿಂದ ಬಂದರೆ ಮಾಕುಟ್ಟ, ಮಂಗಳೂರಿನಿಂದ ಬಂದರೆ ಸಂಪಾಜೆ, ಎರಡೂ ಆ ಗೋಡೆಯನ್ನು ಕೊರೆದು ಮಾಡಿದ ದಾರಿಗಳು. 2018ರ ಜೂನ್‌ನಲ್ಲಿ ಮಾಕುಟ್ಟ ರಸ್ತೆಯುದ್ದಕ್ಕೂ ಗುಡ್ಡ ಜರಿದು ವಾರಗಟ್ಟಲೆ ಸಂಚಾರ ನಿಂತಿತು. ಅದೇ ಆಗಸ್ಟ್‌ನಲ್ಲಿ ಜೋಡುಪಾಲದ ಕಡೆ ಬೆಟ್ಟವೇ ಇಳಿದು ಬಂದು ಸಂಪಾಜೆ ದಾರಿಯೂ ಮುಚ್ಚಿತು. ಪೂರ್ವದಿಂದ ಬರುವುದು ಹಾಗಲ್ಲ. ಮೈಸೂರು, ಹುಣಸೂರು ದಾಟಿ ತಿತಿಮತಿಯ ಕಡೆಗೋ ಕುಶಾಲನಗರದ ಕಡೆಗೋ ಹೊರಟರೆ ನೆಲ ನಿಧಾನವಾಗಿ ಏರುತ್ತದೆ. ಆನೆ ಅಡ್ಡ ಬರಬಹುದು. ಆದರೆ ಆನೆ ಸ್ವಲ್ಪ ಹೊತ್ತಿಗೆ ತಾನಾಗಿ ಸರಿಯುತ್ತದೆ, ಗುಡ್ಡ ಸರಿಯುವುದಿಲ್ಲ.

ಆದ್ದರಿಂದ ನನ್ನ ಲೆಕ್ಕ ಹೀಗೆ: ನವೆಂಬರ್‌ನಿಂದ ಮೇ ತನಕ ಕಣ್ಣೂರಿಗೆ ಬನ್ನಿ, ಹಗಲಿನಲ್ಲಿ ಇಳಿಯಿರಿ, ಅದರಷ್ಟು ಸುಖದ ದಾರಿ ಇನ್ನೊಂದಿಲ್ಲ. ಜೂನ್ ಮಧ್ಯದಿಂದ ಸೆಪ್ಟೆಂಬರ್ ತನಕ ಕಿಲೋಮೀಟರ್ ಮರೆತು ಪೂರ್ವದಿಂದ ಬನ್ನಿ. ಪೂರ್ವದಲ್ಲಿ ಹತ್ತಿರದ್ದು ಮೈಸೂರು. ಆದರೆ ಅಲ್ಲಿನ ರನ್‌ವೇ 1,740 ಮೀಟರ್ ಮಾತ್ರ, ಇಳಿಯುವುದು ಎಟಿಆರ್‌ನಂತಹ ಸಣ್ಣ ವಿಮಾನಗಳು, ಅವೂ ಬೆರಳೆಣಿಕೆಯಷ್ಟು. ಉದ್ದ ಮಾಡೋಣವೆಂದರೆ ಮಗ್ಗುಲಲ್ಲೇ ನಂಜನಗೂಡಿನ ಹೆದ್ದಾರಿ. ಕೊನೆಗೆ ಉಳಿಯುವುದು ದೇವನಹಳ್ಳಿಯೇ. ದೂರ, ಬೇಸರ, ಆದರೆ ಮನೆ ತಲುಪುವ ಹೊತ್ತನ್ನು ಮೊದಲೇ ಹೇಳಬಹುದು. ಏರ್‌ಪೋರ್ಟಿನಿಂದ ಮೈಸೂರಿಗೆ ನೇರ ಫ್ಲೈಬಸ್ ಇದೆ, ನಿದ್ದೆ ಮಾಡಿಕೊಂಡೇ ಬರಬಹುದು. ಹೋಮ್‌ಸ್ಟೇ ನಡೆಸುವ ನಮ್ಮವರು ಜಾಹೀರಾತಿನಲ್ಲಿ "ಕಣ್ಣೂರಿನಿಂದ ಕೇವಲ ಎರಡು ಗಂಟೆ" ಎಂದು ಬರೆಯುವಾಗ ಪಕ್ಕದಲ್ಲಿ "ಮಳೆಗಾಲದಲ್ಲಿ ಫೋನ್ ಮಾಡಿ ಕೇಳಿ" ಎಂದೂ ಒಂದು ಸಾಲು ಸೇರಿಸಬಾರದೇ?

ಕಣ್ಣೂರಿನ ದಾರಿಗೆ ಗುಡ್ಡದ ಜೊತೆಗೆ ಗಡಿಯ ಕಾಟವೂ ಇದೆ. 2020ರ ಮಾರ್ಚ್‌ನಲ್ಲಿ ಮಾಕುಟ್ಟದ ಗಡಿಗೆ ಮಣ್ಣು ಸುರಿದು ರಸ್ತೆ ಮುಚ್ಚಿದ್ದನ್ನು ನಾವು ಮರೆತಿಲ್ಲ. ಈಗಲೂ ಕೇರಳದ ಟ್ಯಾಕ್ಸಿ ಗಡಿ ದಾಟಬೇಕೆಂದರೆ ಪರ್ಮಿಟ್ಟಿನ ಮಾತು ಬರುತ್ತದೆ, ಬಾಡಿಗೆ ಏರುತ್ತದೆ. ನಿಲ್ದಾಣದ ಕಷ್ಟವೂ ಸಣ್ಣದಲ್ಲ. ರನ್‌ವೇ 3,050 ಮೀಟರ್ ಇದ್ದರೂ ವಿದೇಶಿ ವಿಮಾನ ಸಂಸ್ಥೆಗಳಿಗೆ ಅಲ್ಲಿ ಇಳಿಯಲು ಬೇಕಾದ ಅನುಮತಿಯನ್ನು ಕೇಂದ್ರ ಕೊಡದ ಕಾರಣ ಗಲ್ಫಿನ ಟಿಕೆಟ್ ದರ ಹಬ್ಬದ ಸಮಯದಲ್ಲಿ ಕೈ ಸುಡುತ್ತದೆ.

ಇಷ್ಟೆಲ್ಲ ಆದ ಮೇಲೆ ಕೊಡಗಿಗೇ ಒಂದು ವಿಮಾನ ನಿಲ್ದಾಣ ಬೇಕು ಎನ್ನುವವರು ಸಿಗುತ್ತಾರೆ. ನನಗೆ ಬೇಡ. ಯಾವ ಗದ್ದೆಯನ್ನು ಹೂಳುವುದು, ಯಾವ ಗುಡ್ಡವನ್ನು ಸಮತಟ್ಟು ಮಾಡುವುದು? ಮಾಡಿದರೂ ಆಟಿ ತಿಂಗಳ, ಅಂದರೆ ನಡು ಮಳೆಗಾಲದ, ಮಂಜಿನಲ್ಲಿ ಎದುರಿನ ಕಾಫಿ ಗಿಡ ಕಾಣದ ಊರಿನಲ್ಲಿ ಪೈಲಟ್‌ಗೆ ಏನು ಕಾಣಬೇಕು? ಶಿವಮೊಗ್ಗದ ಸೋಗಾನೆಯಲ್ಲಿ 2023ರಲ್ಲಿ ಉದ್ಘಾಟನೆಯಾದ ನಿಲ್ದಾಣಕ್ಕೆ 3.2 ಕಿಲೋಮೀಟರ್ ಉದ್ದದ ರನ್‌ವೇ ಇದೆ. ದೊಡ್ಡ ವಿಮಾನ ಇಳಿಯಬಲ್ಲ ಆ ನೆಲಕ್ಕೆ ಆ ವರ್ಷದ ಆಗಸ್ಟ್‌ನಲ್ಲಿ ಪ್ರಯಾಣಿಕರ ಮೊದಲ ವಿಮಾನವಾಗಿ ಬಂದಿಳಿದದ್ದು ಎಟಿಆರ್. ರನ್‌ವೇ ಹಾಸಿದ ಮಾತ್ರಕ್ಕೆ ವಿಮಾನಗಳು ಸಾಲುಗಟ್ಟಿ ಬರುವುದಿಲ್ಲ.

ಆ ಹಣದ ಒಂದು ಚೂರು ಸಿಕ್ಕರೂ ಮಾಕುಟ್ಟಕ್ಕೆ ಹಾಕಲಿ. ಜರಿಯುವ ಧರೆಗಳಿಗೆ ತಡೆಗೋಡೆ, ನೀರು ರಸ್ತೆ ಕೊರೆಯದಂತೆ ಮೋರಿ, ವಾಲಿದ ಮರಗಳನ್ನು ಮೇ ತಿಂಗಳಲ್ಲೇ ಗುರುತಿಸುವ ಕೆಲಸ, ಮಳೆಗಾಲದಲ್ಲಿ ಘಾಟಿಯಲ್ಲೇ ನಿಲ್ಲುವ ಒಂದು ತಂಡ. ವಿಮಾನ ಇಳಿಯುವ ಹೊತ್ತಿಗೆ ಹೊಂದಿಸಿ ಮಟ್ಟನ್ನೂರಿನಿಂದ ಮಡಿಕೇರಿಗೆ ದಿನಕ್ಕೆ ಎರಡು ಬಸ್. ಮತ್ತು ರಸ್ತೆ ತೆರೆದಿದೆಯೋ ಮುಚ್ಚಿದೆಯೋ ಎಂದು ಹೇಳಲು ಒಂದು ಫೋನ್ ನಂಬರ್, ಯಾರಾದರೂ ಎತ್ತುವಂಥದ್ದು.

ಹುಡುಗ ಈ ಸಲ ಮಳೆ ಕಳೆದ ಮೇಲೆ ಬರುವ ನಮ್ಮ ಸುಗ್ಗಿ ಹಬ್ಬ ಹುತ್ತರಿಗೆ ಬರುತ್ತಿದ್ದಾನೆ. ಟಿಕೆಟ್ ಕಣ್ಣೂರಿಗೇ ಮಾಡಿದ್ದಾನೆ, ಆದರೆ ನನ್ನನ್ನು ಕೇಳಿದ ಮೇಲೆ. ಬೆಳಗ್ಗೆ ಹನ್ನೊಂದಕ್ಕೆ ಇಳಿಯುತ್ತಾನಂತೆ. ಜೀಪಿನಿಂದ ಹಗ್ಗವನ್ನು ತೆಗೆದು ಕಣದಲ್ಲಿ ಒಣಗಲು ಹಾಕಿದ್ದೇನೆ. ಕತ್ತಿಯನ್ನು ಇನ್ನೂ ಇಳಿಸಿಲ್ಲ.