ಅಗ್ಗದಂಗಡಿಯ ಮೂರು ಮೊಲಗಳು

ನಾನು ತಿಪಟೂರಿನವನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಈಗ ಹೇಳುವ ಸಂಗತಿ ಬೇರೆ ಊರಿನವರಿಗೆ ಆಗಿದ್ದರೆ ಬರೀ ತಮಾಷೆ. ತಿಪಟೂರಿನವನಿಗೆ ಆದರೆ ಮಾನದ ಪ್ರಶ್ನೆ. ಕೊಬ್ಬರಿ ವಾಸನೆಯಲ್ಲೇ ಬೆಳೆದವನು ನಾನು. ಕಿವಿಯ ಹತ್ತಿರ ಕಾಯಿ ಅಲ್ಲಾಡಿಸಿ ಒಳಗೆ ಎಷ್ಟು ನೀರಿದೆ ಅಂತ ಹೇಳುತ್ತಿದ್ದ ಅಜ್ಜನ ಮೊಮ್ಮಗ. ಅಂಥವನು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಒಂದು ಶನಿವಾರ ಸಂಜೆ ಮೂಲಂಗಿಯ ದಾಯಾದಿಯನ್ನು ತೆಂಗಿನ ತುರಿ ಅಂದುಕೊಂಡು ಉಪ್ಪಿಟ್ಟಿನ ಮೇಲೆ ಸುರಿದುಕೊಂಡೆ.

ಬೆಂಗಳೂರಿನ ಆಫೀಸಿನಿಂದ ಇಲ್ಲಿಗೆ ಕಳಿಸಿದ ಮೊದಲ ವರ್ಷ. ಇಂಡಿಯನ್ ಅಂಗಡಿಗೆ ಹೋಗಬೇಕಾದರೆ ಎರಡು ಟ್ರೈನ್ ಬದಲಿಸಬೇಕು. ಭಾನುವಾರ ಇಲ್ಲಿ ಅಂಗಡಿಗಳು ಬಾಗಿಲು ತೆರೆಯುವುದೇ ಇಲ್ಲ. ಹಾಗಾಗಿ ಶನಿವಾರ ಸಂಜೆ ಇಡೀ ಬೀದಿಯೇ ನಮ್ಮ ಮನೆ ಹತ್ತಿರದ ಅಗ್ಗದ ಸೂಪರ್‌ಮಾರ್ಕೆಟ್ಟಿನಲ್ಲಿರುತ್ತದೆ. ನಾಳೆ ಯುದ್ಧ ಶುರುವಾಗುತ್ತದೆ ಅನ್ನುವ ಹಾಗೆ ಹಾಲು, ಬ್ರೆಡ್ಡು ತುಂಬಿಕೊಳ್ಳುತ್ತಾರೆ.

ಈ ಅಂಗಡಿಗಳನ್ನು ನೋಡಬೇಕು ನೀವು. ಅಲಂಕಾರ ಅನ್ನುವುದು ಇಲ್ಲ. ಮಾಲು ಬಂದ ರಟ್ಟಿನ ಪೆಟ್ಟಿಗೆಯ ಬಾಯಿ ಹರಿದು ಹಾಗೇ ಶೆಲ್ಫಿಗೆ ನೂಕಿರುತ್ತಾರೆ. ತಳ್ಳುಗಾಡಿ ಬೇಕಾದರೆ ಒಂದು ಯೂರೊ ನಾಣ್ಯ ತೂರಿಸಬೇಕು, ವಾಪಸ್ ಇಟ್ಟರೆ ನಾಣ್ಯ ವಾಪಸ್. ಈ ವ್ಯಾಪಾರದ ಮೂಲಪುರುಷರು ಕಾರ್ಲ್ ಮತ್ತು ಥಿಯೊ ಆಲ್ಬ್ರೆಕ್ಟ್ ಅನ್ನುವ ಅಣ್ಣತಮ್ಮಂದಿರು. ಎಸ್ಸೆನ್ ಊರಿನಲ್ಲಿ ಅಮ್ಮ ನಡೆಸುತ್ತಿದ್ದ ಪುಟ್ಟ ಅಂಗಡಿಯನ್ನು ಯುದ್ಧ ಮುಗಿದ ಮೇಲೆ ಕೈಗೆ ತಗೊಂಡು ಆಲ್ಡಿ ಕಟ್ಟಿದರು. ಆಲ್ಬ್ರೆಕ್ಟ್‌ನ ಆಲ್, ಡಿಸ್ಕೌಂಟಿನ ಡಿ. ಆಮೇಲೆ ಅಂಗಡಿಯಲ್ಲಿ ಸಿಗರೇಟು ಮಾರಬೇಕೋ ಬೇಡವೋ ಅಂತ ಇಬ್ಬರಿಗೂ ಜಟಾಪಟಿಯಾಗಿ 1961ರ ಹೊತ್ತಿಗೆ ಬೇರೆಯಾದರು. ನಮ್ಮ ಕಡೆ ಅಣ್ಣತಮ್ಮಂದಿರು ತೋಟದ ಬದುವಿಗೆ ಜಗಳವಾಡಿ ಹಿಸ್ಸೆ ಮಾಡಿಕೊಳ್ಳುತ್ತಾರೆ. ಇವರು ದೇಶವನ್ನೇ ಹಿಸ್ಸೆ ಮಾಡಿಕೊಂಡರು. ತಮ್ಮನಿಗೆ ಉತ್ತರ, ಅಣ್ಣನಿಗೆ ದಕ್ಷಿಣ. ನಮ್ಮ ಸ್ಟುಟ್‌ಗಾರ್ಟ್ ಅಣ್ಣನ ಪಾಲು.

ಇದಕ್ಕಿಂತ ನನಗೆ ಇಷ್ಟವಾದದ್ದು ಲಿಡ್ಲ್ ಅನ್ನುವ ಇನ್ನೊಂದು ಅಗ್ಗದಂಗಡಿಯ ಕಥೆ. ಅದರ ಯಜಮಾನರ ಮನೆತನದ ಹೆಸರು ಶ್ವಾರ್ಟ್ಸ್. ಅಂದರೆ ಕಪ್ಪು. ಆ ಹೆಸರಿನ ಮುಂದೆ ಮಾರ್ಕೆಟ್ ಅಂತ ಸೇರಿಸಿದರೆ ಜರ್ಮನ್ನಿನಲ್ಲಿ ‘ಕಾಳಸಂತೆ’ ಅಂತಾಗುತ್ತದೆ. ಯಾರು ಬರುತ್ತಾರೆ ಅಂಥ ಅಂಗಡಿಗೆ? ಕೊನೆಗೆ ಲುಡ್ವಿಗ್ ಲಿಡ್ಲ್ ಅನ್ನುವ ನಿವೃತ್ತ ಮೇಷ್ಟ್ರೊಬ್ಬರಿಗೆ ಸಾವಿರ ಮಾರ್ಕ್ ಕೊಟ್ಟು ಅವರ ಹೆಸರನ್ನು ಕೊಂಡುಕೊಂಡರು. ಹಾಗೆ 1973ರಲ್ಲಿ ಲುಡ್ವಿಗ್ಸ್‌ಹಾಫೆನ್‌ನಲ್ಲಿ ಮೊದಲ ಅಂಗಡಿ. ಮೇಷ್ಟ್ರು ಇನ್ನೊಂದು ಸ್ವಲ್ಪ ಚೌಕಾಸಿ ಮಾಡಬಹುದಿತ್ತು ಅಂತ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಇರಲಿ, ಉಪ್ಪಿಟ್ಟಿಗೆ ಬರೋಣ. ರವೆ ಇದೇ ಥರದ ಅಂಗಡಿಯಲ್ಲಿ ಸಿಗುತ್ತದೆ ಅಂತ ಆಗಲೇ ಕಂಡುಹಿಡಿದಿದ್ದೆ. ಗ್ರೀಸ್ ಅಂತ ಕರೆಯುತ್ತಾರೆ. ಇಲ್ಲಿಯವರು ಅದನ್ನು ಹಾಲಿನಲ್ಲಿ ಬೇಯಿಸಿ ಮಕ್ಕಳಿಗೆ ಕೊಡುತ್ತಾರಂತೆ, ಪಾಪ. ಗಟ್ಟಿ ಗೋಧಿಯ ರವೆ ತಗೊಂಡು ಹುರಿದರೆ ಉಪ್ಪಿಟ್ಟು ಉದುರುದುರಾಗಿ ಬರುತ್ತದೆ. ಕಾಯಿತುರಿ ಒಂದೇ ಕೊರತೆ. ಆ ಶನಿವಾರ ಉಪ್ಪಿನಕಾಯಿ ಬಾಟಲಿಗಳ ಸಾಲಿನಲ್ಲಿ ಒಂದು ಗಾಜಿನ ಸೀಸೆ ಕಣ್ಣಿಗೆ ಬಿತ್ತು. ಒಳಗೆ ಬೆಳ್ಳಗಿನ ತುರಿ. ಮೇಲೆ ‘ಮೇರ್‌ರೆಟಿಶ್’ ಅಂತ ಬರೆದಿತ್ತು. ಜರ್ಮನ್ ಕ್ಲಾಸಿನಲ್ಲಿ ಆ ವಾರವಷ್ಟೇ ‘ಮೇರ್’ ಅಂದರೆ ಸಮುದ್ರ ಅಂತ ಕಲಿತಿದ್ದೆ. ಸಮುದ್ರ, ಬೆಳ್ಳಗಿನ ತುರಿ. ಸಮುದ್ರದ ದಂಡೆಯಲ್ಲಿ ಏನು ಬೆಳೆಯುತ್ತದೆ? ಇನ್ನೇನು ಬೇಕು ಸಾಕ್ಷಿ! ಸೀಸೆಯ ಮೇಲೆ ಒಂದು ಬೇರಿನ ಚಿತ್ರವೂ ಇತ್ತು. ಅದನ್ನು ತೆಂಗಿನ ಮರದ ಬೇರು ಅಂದುಕೊಂಡೆನೋ ಏನೋ, ಈಗ ನೆನಪಿಲ್ಲ. ನೆನಪಾಗದಿರುವುದೇ ವಾಸಿ.

ಮನೆಗೆ ಬಂದು ಮುಚ್ಚಳ ತೆಗೆದೆ. ತುರಿ ಒದ್ದೆಯಾಗಿತ್ತು. ಹಸಿಕಾಯಿ ಅಲ್ವಾ, ಒದ್ದೆ ಇರಬೇಕಾದ್ದೇ. ಸ್ವಲ್ಪ ಹುಳಿ ವಾಸನೆ. ಕೆಡದ ಹಾಗೆ ಏನೋ ಹಾಕಿರಬೇಕು. ಎರಡು ದೊಡ್ಡ ಚಮಚ ಉಪ್ಪಿಟ್ಟಿನ ಮೇಲೆ ಹರಡಿದೆ, ಊರಿನ ಧಾರಾಳತನದಲ್ಲಿ. ಮೊದಲ ತುತ್ತು ಬಾಯಿಗಿಟ್ಟೆ.

ಮೆಣಸಿನಕಾಯಿಯ ಖಾರ ನಾಲಿಗೆಯಲ್ಲಿ ಕೂತು ಜಗಳವಾಡುತ್ತದೆ. ಇದು ಹಾಗಲ್ಲ. ನಾಲಿಗೆಯ ಕಡೆ ತಿರುಗಿಯೂ ನೋಡದೆ ನೇರ ಮೂಗಿಗೆ ಹತ್ತಿ, ಅಲ್ಲಿಂದ ನೆತ್ತಿಗೆ ಹೋಗಿ, ಒಳಗಿನಿಂದ ಬಾಗಿಲು ಬಡಿಯಿತು. ಕಣ್ಣಲ್ಲಿ ಧಾರಾಕಾರ ನೀರು. ಪಕ್ಕದ ರೂಮಿನಿಂದ ಹೆಂಡತಿ ಓಡಿಬಂದಳು. ನನ್ನ ಮುಖ ನೋಡಿ, ಊರಿನಿಂದ ಏನೋ ಕೆಟ್ಟ ಸುದ್ದಿ ಬಂದಿದೆ ಅಂದುಕೊಂಡು, “ಯಾರಿಗೇನಾಯ್ತು ರೀ?” ಅಂದಳು. ಮಾತಾಡಲು ಆಗದೆ ತಟ್ಟೆ ತೋರಿಸಿದೆ. ಅಷ್ಟರಲ್ಲಿ, ವಿಚಿತ್ರ ನೋಡಿ, ಎಲ್ಲ ಮಾಯ. ಒಂದೇ ನಿಮಿಷ. ಮೂಗು ಮಾತ್ರ ದೀಪಾವಳಿಗೆ ಎಣ್ಣೆ ಹಚ್ಚಿ ಉಜ್ಜಿದ ಹಾಗೆ ಸ್ವಚ್ಛ.

ಆಮೇಲೆ ಹೆಂಡತಿ ಮೊಬೈಲಿನಲ್ಲಿ ಹುಡುಕಿ ಹೇಳಿದಳು. ರೆಟಿಶ್ ಅಂದರೆ ಮೂಲಂಗಿ. ಸಾಸಿವೆ, ಮೂಲಂಗಿ, ಕೋಸು, ಇದು, ಎಲ್ಲ ಒಂದೇ ಕುಟುಂಬ. ತುರಿದಾಗ ಅದರೊಳಗಿನಿಂದ ಹೊರಡುವ ಘಾಟು, ಹಸಿ ಸಾಸಿವೆ ಅರೆದಾಗ ಬರುವ ಘಾಟೇ. ಬೇಯಿಸಿದರೆ ಹಾರಿಹೋಗುತ್ತದೆ. “ತಿಪಟೂರಿನವರು ನೀವು” ಅಂದಳು ಕೊನೆಗೆ. ಅಷ್ಟೇ ಅಂದದ್ದು. ಸೀಸೆ ಫ್ರಿಜ್ಜಿನ ಮೂಲೆ ಸೇರಿತು.

ಇಷ್ಟಾದರೂ ಬುದ್ಧಿ ಬರಲಿಲ್ಲ. ಇಲ್ಲಿ 1964ರಲ್ಲಿ ಸರ್ಕಾರವೇ ಮುಂದೆ ನಿಂತು ಹುಟ್ಟುಹಾಕಿದ ‘ಶ್ಟಿಫ್ಟುಂಗ್ ವಾರೆನ್‌ಟೆಸ್ಟ್’ ಅನ್ನುವ ಸಂಸ್ಥೆ ಇದೆ. ಎಣ್ಣೆಯಿಂದ ವಾಷಿಂಗ್ ಮೆಷೀನಿನವರೆಗೆ ಎಲ್ಲವನ್ನೂ ಪರೀಕ್ಷಿಸಿ ಅಂಕ ಕೊಡುತ್ತದೆ. ದೊಡ್ಡ ಕಂಪನಿಗಳ ಮಾಲಿಗೆ ಸರಿಸಮನಾಗಿ ಅಗ್ಗದಂಗಡಿಯ ಮಾಲು ಗೆದ್ದದ್ದೂ ಎಷ್ಟೋ ಸಲ ಉಂಟು. ಒಂದು ಎಣ್ಣೆ ಬಾಟಲಿಯ ಮೇಲೆ 1,8 ಅಂತ ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಹತ್ತಕ್ಕೆ 1.8 ತೆಗೆದದ್ದನ್ನು ಇಷ್ಟು ಹೆಮ್ಮೆಯಿಂದ ಹಾಕಿಕೊಂಡಿದ್ದಾರಲ್ಲ, ಪ್ರಾಮಾಣಿಕರಪ್ಪ ಅಂದುಕೊಂಡು ಆರು ತಿಂಗಳು ಆ ಬಾಟಲಿಯನ್ನು ಮುಟ್ಟಲಿಲ್ಲ. ಇಲ್ಲಿ ಸ್ಕೂಲಿನಲ್ಲೂ 1 ಬಂದರೆ ಫಸ್ಟ್ ರ‍್ಯಾಂಕು, 5 ಬಂದರೆ ಅಪ್ಪನನ್ನು ಕರೆಸುತ್ತಾರೆ ಅನ್ನುವುದು ಆಮೇಲೆ ಗೊತ್ತಾಯಿತು.

ತುಪ್ಪದ ವಿಷಯ ಹೇಳಲು ನಾಚಿಕೆ. ಆದರೂ ಹೇಳುತ್ತೇನೆ, ಯಾರಿಗಾದರೂ ಉಪಕಾರವಾಗಲಿ. ಬೆಣ್ಣೆ ಸಾಲಿನ ಪಕ್ಕ ‘ಬುಟರ್‌ಶ್ಮಾಲ್ಟ್ಸ್’ ಅಂತ ಸಿಗುತ್ತದೆ. ಅದು ತುಪ್ಪವೇ. ಆಫೀಸಿನ ಗೆಳೆಯ ಹೇಳಿಕೊಟ್ಟಿದ್ದ. ನಾನು ಅಂಗಡಿಗೆ ಹೋಗುವಷ್ಟರಲ್ಲಿ ಮೊದಲರ್ಧ ಮರೆತು ಬರೀ ‘ಶ್ಮಾಲ್ಟ್ಸ್’ ತಂದೆ. ಮುಚ್ಚಳ ತೆಗೆದರೆ ಬೆಳ್ಳಗೆ ಹೆಪ್ಪುಗಟ್ಟಿದೆ, ನಡುವೆ ಹುರಿದ ಈರುಳ್ಳಿ ಚೂರುಗಳು. “ನೋಡೇ, ತುಪ್ಪಕ್ಕೆ ಒಗ್ಗರಣೆಯನ್ನೂ ಅವರೇ ಹಾಕಿಕೊಟ್ಟಿದ್ದಾರೆ” ಅಂತ ಚಮಚ ಅದ್ದಿದೆ. ಹೆಂಡತಿ ಈ ಸಲ ಮೊದಲೇ ಮೊಬೈಲ್ ಹಿಡಿದು ನಿಂತಿದ್ದಳು. ಓದಿದಳು. ಇನ್ನೊಮ್ಮೆ ಓದಿದಳು. “ರೀ, ಹಂದಿದು” ಅಂದಳು. ಹುಟ್ಟಿದಾಗಿನಿಂದ ಮೊಟ್ಟೆ ಕೂಡ ಮುಟ್ಟದ ಮನೆ ನಮ್ಮದು. ಡಬ್ಬಿ ಚಮಚದ ಸಮೇತ ಕಸಕ್ಕೆ ಹೋಯಿತು. ಆ ಸೆಟ್ಟಿನಲ್ಲಿ ಈಗಲೂ ಐದೇ ಚಮಚ.

ಇಂಥ ಸ್ಥಿತಿಯಲ್ಲಿ ತೊಂಬತ್ತು ದಿನದ ವೀಸಾ ಹಿಡಿದು ಅಮ್ಮ ಬಂದಿಳಿದಳು. ಒಂದು ಸೂಟ್‌ಕೇಸಿನ ತುಂಬ ಕೊಬ್ಬರಿ. ಅಗ್ಗದಂಗಡಿ ಅಂತ ಕೇಳಿದ ತಕ್ಷಣ, “ಅಗ್ಗದ ಆಸೆಗೆ ಮುಗ್ಗಲು ಜೋಳ ತಂದ್ರಂತೆ” ಅಂದಳು. ಆದರೂ ಮನೆಯಲ್ಲಿ ಕೂತು ಬೇಜಾರಾಗಿ ಎರಡನೇ ದಿನವೇ ನನ್ನ ಜೊತೆ ಹೊರಟಳು.

ತರಕಾರಿ ಸಾಲಿಗೆ ಬಂದದ್ದೇ ಅಮ್ಮ ಗಕ್ಕನೆ ನಿಂತಳು. “ಲೋ, ನವಿಲುಕೋಸು!” ಅಂದ ದನಿಗೆ ನಾಲ್ಕು ಜನ ತಿರುಗಿ ನೋಡಿದರು. ಹೌದು, ನವಿಲುಕೋಸೇ. ಎಳೆಯದು, ತಿಳಿ ಹಸಿರು, ತಲೆಯ ಮೇಲೆ ಎಲೆಗಳ ಸಮೇತ. ಇಲ್ಲಿ ಅದು ಕೋಲ್‌ರಾಬಿ. ತೂಕಕ್ಕಲ್ಲ, ಒಂದಕ್ಕೆ ಇಷ್ಟು ಅಂತ, ಒಂದು ಯೂರೊಗಿಂತ ಕಡಿಮೆಗೆ ಮಾರುತ್ತಾರೆ. ನಾನು ಒಂದೂವರೆ ವರ್ಷದಿಂದ ಅದರ ಮುಂದೆಯೇ ಓಡಾಡುತ್ತಿದ್ದೆ. ಒಂದು ಸಲವೂ ಗುರುತು ಹಿಡಿದಿರಲಿಲ್ಲ.

ಆದರೆ ಅಮ್ಮನ ಖುಷಿ ಒಂದೇ ನಿಮಿಷ. ಜನ ಕೋಸು ಆರಿಸಿಕೊಂಡು, ಎಲೆಗಳನ್ನು ಚಟಚಟ ಮುರಿದು, ಪಕ್ಕದ ರಟ್ಟಿನ ಪೆಟ್ಟಿಗೆಗೆ ಎಸೆದು ಹೋಗುತ್ತಿದ್ದರು. “ಒಳ್ಳೇ ಸೊಪ್ಪು ಹಿಂಗೆ ಬಿಸಾಕ್ತಾರಲ್ಲೋ! ಪಲ್ಯಕ್ಕೆ ಎಷ್ಟು ಚೆನ್ನಾಗಿರುತ್ತೆ!” ಅಂತ ಅಮ್ಮ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತೇಬಿಟ್ಟಳು. ಸೀರೆಯ ಮೇಲೆ ನನ್ನ ಹಳೇ ಜಾಕೆಟ್ಟು. ಒಂದೊಂದೇ ಎಲೆ ತೆಗೆದು, ಹಿಂದೆ ಮುಂದೆ ತಿರುಗಿಸಿ ನೋಡಿ, ಹುಳ ಇಲ್ಲದ್ದನ್ನು ಚೀಲಕ್ಕೆ ಹಾಕತೊಡಗಿದಳು. ನಾನು ಚೀಸ್ ಓದುವವನ ಹಾಗೆ ದೂರ ನಿಂತೆ.

ಅಷ್ಟರಲ್ಲಿ ನಮ್ಮ ಬಿಲ್ಡಿಂಗಿನ ಮೂರನೇ ಮಹಡಿಯ ಅಜ್ಜಿ ಬಂದರು. ಅಮ್ಮನನ್ನು ನೋಡಿದರು, ಚೀಲ ನೋಡಿದರು, ಆಮೇಲೆ ನನ್ನ ಕಡೆ ತಿರುಗಿ ಅಕ್ಕರೆಯಿಂದ, “ಫ್ಯೂರ್ ಡಿ ಹಾಜೆನ್?” ಅಂದರು. ಮೊಲಗಳಿಗಾ? ಮೊಲ ಸಾಕಿದವರು ಹೀಗೆ ಎಲೆ ಆರಿಸಿಕೊಂಡು ಹೋಗುವುದು ಇಲ್ಲಿ ಮಾಮೂಲಂತೆ. ಅದು ನಮ್ಮ ಊಟ ಅಂತ ಹೇಳಬಹುದಿತ್ತು. ಹೇಳಲು ಬೇಕಾದ ವ್ಯಾಕರಣ ನೆನಪಾಗಲಿಲ್ಲ. “ಯಾ” ಅಂದುಬಿಟ್ಟೆ.

“ಎಷ್ಟಿವೆ?”

ನಾನು, ಹೆಂಡತಿ, ಅಮ್ಮ. “ಮೂರು” ಅಂದೆ.

ಅಂದಿನಿಂದ ಅಜ್ಜಿ ವಾರಕ್ಕೊಂದು ಸಲ ಬಾಗಿಲಿಗೆ ಚೀಲ ನೇತುಹಾಕಿ ಹೋಗತೊಡಗಿದರು. ಕ್ಯಾರೆಟ್ ಸೊಪ್ಪು, ಮೂಲಂಗಿ ಸೊಪ್ಪು, ಕೋಸಿನ ಹೊರಗಿನ ಎಲೆ. ಅಮ್ಮ ಮೂಲಂಗಿ ಸೊಪ್ಪಿಗೆ ತೊಗರಿಬೇಳೆ ಹಾಕಿ ಹುಳಿ ಮಾಡಿದಳು. ನವಿಲುಕೋಸಿನ ಎಲೆಗೆ ಕೊಬ್ಬರಿ ತುರಿದು ಪಲ್ಯ. “ಎಂಥ ಒಳ್ಳೇ ಹೆಂಗಸು, ನಾವು ಏನು ತಿಂತೀವಿ ಅಂತ ಹೆಂಗೆ ಗೊತ್ತಾಯ್ತು ಅವರಿಗೆ?” ಅಂತ ಅಮ್ಮ ಕೇಳಿದಾಗೆಲ್ಲ ನಾನು ನೀರು ಕುಡಿಯಲು ಎದ್ದು ಹೋಗುತ್ತಿದ್ದೆ.

ಅಗ್ಗದಂಗಡಿಯ ಬಗ್ಗೆ ಅಮ್ಮನ ಮನಸ್ಸು ನಿಧಾನ ಕರಗಿತು. ಅರ್ಧ ಲೀಟರಿನ ಡಬ್ಬಿಯ ಬುಟರ್‌ಮಿಲ್ಶ್ ಕುಡಿದು, “ಇದನ್ನ ಮಜ್ಜಿಗೆ ಅಂತಾರಾ? ನಮ್ಮ ಹೋಟ್ಲಲ್ಲಿ ಇದಕ್ಕೆ ಮೊಸರು ಅಂತಾರೆ” ಅಂದಳು. ಎರಡು ಡಬ್ಬಿ ಸುರಿದು ಮಜ್ಜಿಗೆಹುಳಿ ಮಾಡಿದಳು. ಹಾಲಿನ ಪಾಯಸಕ್ಕೆ ಅಂತ ಮಾರುವ ಗುಂಡನೆಯ ಅಕ್ಕಿಯಲ್ಲಿ ಮೊಸರನ್ನ ಕಲಸಿದಳು. ಅಂಥ ಮೃದು ಮೊಸರನ್ನ ನಾನು ಊರಲ್ಲೂ ತಿಂದ ನೆನಪಿಲ್ಲ. ತುಪ್ಪಕ್ಕೆ ಮಾತ್ರ ಡಬ್ಬಿ ಬೇಡ ಅಂದಳು. 250 ಗ್ರಾಂ ಬೆಣ್ಣೆ ನಾಲ್ಕು ತರಿಸಿ ಒಲೆಯ ಮುಂದೆ ನಿಂತು ಕಾಯಿಸಿದಳು. ಹೊಗೆಯ ಅಲಾರಂ ಹೊಡೆದುಕೊಂಡಿತು. ಅದು ಹೊಡೆದುಕೊಂಡಾಗ ತುಪ್ಪ ಹದಕ್ಕೆ ಬಂದಿತ್ತು ಅನ್ನುವುದು ಅಮ್ಮನ ವಾದ.

ಒಂದು ಮಧ್ಯಾಹ್ನ ಊಟಕ್ಕೆ ನಂಚಿಕೊಳ್ಳಲು ಏನೂ ಇರಲಿಲ್ಲ. ಅಮ್ಮ ಮಲಗಿದ್ದಳು. ಫ್ರಿಜ್ಜಿನ ಮೂಲೆಯ ಆ ಸೀಸೆ ನೆನಪಾಯಿತು. ಸಾಸಿವೆಯ ಘಾಟೇ ಅಲ್ವಾ, ಒಂದು ಕೈ ನೋಡೋಣ ಅಂತ ಸೌತೆಕಾಯಿ ಹೆಚ್ಚಿ, ಗಟ್ಟಿ ಮೊಸರು, ಉಪ್ಪು, ಅಮ್ಮ ತಂದ ಕೊಬ್ಬರಿ ತುರಿ ಹಾಕಿ, ಅರ್ಧ ಚಮಚ ಮೇರ್‌ರೆಟಿಶ್ ಕಲಸಿದೆ. ಅರ್ಧವೇ. ಒಣಮೆಣಸಿನಕಾಯಿ ಒಗ್ಗರಣೆ ಆರಿದ ಮೇಲೆ ಹಾಕಿದೆ, ಘಾಟು ಹಾರಿಹೋಗಬಾರದಲ್ಲ. ಅಮ್ಮ ಅನ್ನಕ್ಕೆ ಕಲಸಿ ಒಂದು ತುತ್ತು ತಿಂದಳು. ಮೂಗು ಸ್ವಲ್ಪ ಸೊರ್ ಅಂತ ಎಳೆದಳು. ನಾನು ಉಸಿರು ಬಿಗಿಹಿಡಿದೆ.

“ಸಾಸಿವೆ ಚೆನ್ನಾಗಿ ಅರೆದಿದ್ದೀಯ ಕಣೋ. ನಮ್ಮಮ್ಮ ಹಿಂಗೇ ಮಾಡ್ತಿದ್ಲು” ಅಂದು ಇನ್ನೊಂದು ಸೌಟು ಬಡಿಸಿಕೊಂಡಳು. ಹೆಂಡತಿ ತಟ್ಟೆಯಿಂದ ತಲೆ ಎತ್ತಲಿಲ್ಲ.

ತೊಂಬತ್ತು ದಿನ ಮುಗಿದು ಅಮ್ಮ ವಾಪಸ್ ಹೋದಳು. ಆ ವಾರ ಮೆಟ್ಟಿಲಲ್ಲಿ ಅಜ್ಜಿ ಸಿಕ್ಕರು. ಮೊಲಗಳು ಹೇಗಿವೆ ಅಂತ ಕೇಳಿದರು. ಈಗಾದರೂ ನಿಜ ಹೇಳಿಬಿಡಬೇಕು ಅಂತ ಬಾಯಿ ತೆರೆದೆ. ಬಂದದ್ದು ಮಾತ್ರ, “ಈಗ ಎರಡೇ. ದೊಡ್ಡದು ಹೋಯಿತು.” ಅಜ್ಜಿಯ ಮುಖ ಕುಗ್ಗಿತು. ನನ್ನ ತೋಳಿನ ಮೇಲೆ ಕೈಯಿಟ್ಟು ಒಂದು ನಿಮಿಷ ಸುಮ್ಮನೆ ನಿಂತರು. ಆಮೇಲೆ ವಯಸ್ಸಾಗಿತ್ತಾ ಅಂತ ಮೆಲ್ಲಗೆ ಕೇಳಿದರು. ಅರವತ್ತೆಂಟು ಅಂತ ಹೇಳಲು ಹೋಗಿ ತಡೆದುಕೊಂಡೆ.

ಮರುದಿನ ಬಾಗಿಲಿಗೆ ಚೀಲ ನೇತಾಡುತ್ತಿತ್ತು. ಈ ಸಲ ಸೊಪ್ಪಿರಲಿಲ್ಲ. ನಮ್ಮ ಅಗ್ಗದಂಗಡಿಯದೇ ಒಂದು ಚಾಕೊಲೇಟು, ಜೊತೆಗೆ ಕಪ್ಪು ಅಂಚಿನ ಪುಟ್ಟ ಕಾರ್ಡು. ರಾತ್ರಿ ಅಮ್ಮನಿಗೆ ಫೋನ್ ಮಾಡಿ, ಅಜ್ಜಿ ನಿನ್ನ ನೆನಪಿಗೆ ಚಾಕೊಲೇಟು ಕೊಟ್ಟರು ಅಂದೆ.

“ಅಯ್ಯೋ ಪಾಪ! ಹೆಂಗಿದೆಯೋ ಚಾಕೊಲೇಟು?”

“ಚೆನ್ನಾಗಿದೆ ಅಮ್ಮ” ಅಂದೆ. ಸುಳ್ಳಲ್ಲ. ನಿಜವಾಗಿಯೂ ತುಂಬ ಚೆನ್ನಾಗಿತ್ತು.