ಪರ್ಶಿಂಗ್-2ಕ್ಕೆ ಪಶ್ಚಿಮ ಜರ್ಮನಿ ಜಾಗ ಕೊಟ್ಟಿದ್ದು ಸರಿಯೇ?

1983ರ ನವೆಂಬರ್ 22ರಂದು ಪಶ್ಚಿಮ ಜರ್ಮನಿಯ ಸಂಸತ್ತಿನಲ್ಲಿ ಮತದಾನ ನಡೆಯಿತು. ಪರ್ಶಿಂಗ್-2 ಸೇರಿದಂತೆ ಅಮೆರಿಕದ ಅಣ್ವಸ್ತ್ರ ಕ್ಷಿಪಣಿಗಳು ಬರಲಿ ಎಂದವರು 286 ಮಂದಿ, ಬೇಡ ಎಂದವರು 226. ಮರುದಿನವೇ ಜಿನೀವಾದ ಶಸ್ತ್ರಾಸ್ತ್ರ ಮಾತುಕತೆಯಿಂದ ಸೋವಿಯತ್ ನಿಯೋಗ ಎದ್ದು ಹೊರಟಿತು. ಆ 286 ಮಂದಿ ಮಾಡಿದ್ದು ಸರಿಯಾ? ಎರಡೂ ಕಡೆಯವರಾಗಿ ವಾದಿಸಿ ನೋಡೋಣ.

ಪರ

ದೊಡ್ಡ ದೇಶವೊಂದು ಚಿಕ್ಕ ದೇಶದ ಮೇಲೆ ಕ್ಷಿಪಣಿ ಹೇರಿತು ಎಂಬ ಕಥೆ ಇಲ್ಲಿ ನಡೆಯುವುದಿಲ್ಲ. ಈ ವಿಷಯವನ್ನು ಎತ್ತಿದ್ದೇ ಜರ್ಮನಿಯ ಚಾನ್ಸಲರ್ ಹೆಲ್ಮುಟ್ ಶ್ಮಿಟ್, 1977ರಲ್ಲಿ, ಲಂಡನ್ನಿನಲ್ಲಿ ಮಾಡಿದ ಭಾಷಣದಲ್ಲಿ. ಅಮೆರಿಕ, ಸೋವಿಯತ್ ಎರಡೂ ಸೇರಿ ತಮ್ಮ ಖಂಡಾಂತರ ಕ್ಷಿಪಣಿಗಳ ಲೆಕ್ಕ ಸರಿ ಮಾಡಿಕೊಳ್ಳುತ್ತಿವೆ, ಯುರೋಪಿನ ಲೆಕ್ಕ ಕೇಳುವವರಿಲ್ಲ ಅನ್ನುವುದು ಅವರ ಚಿಂತೆ.

ಚಿಂತೆಗೆ ಕಾರಣವೂ ಇತ್ತು. ಸೋವಿಯತ್ ಹೊಸದಾಗಿ ತಂದಿದ್ದ ಎಸ್‌ಎಸ್-20 ಕ್ಷಿಪಣಿ ಸುಮಾರು 5,000 ಕಿಲೋಮೀಟರ್ ಹಾರುತ್ತಿತ್ತು. ಒಂದೊಂದಕ್ಕೂ ಮೂರು ಸಿಡಿತಲೆ. ಲಾರಿಯ ಮೇಲೆ ಹೇರಿಕೊಂಡು ಕಾಡಿನೊಳಗೆ ಎಲ್ಲಿಗೆ ಬೇಕಾದರೂ ಒಯ್ಯಬಹುದಿತ್ತು. ಬಾನ್ (ಪಶ್ಚಿಮ ಜರ್ಮನಿಯ ರಾಜಧಾನಿ), ಪ್ಯಾರಿಸ್, ಲಂಡನ್ ಎಲ್ಲಕ್ಕೂ ಮುಟ್ಟುತ್ತಿತ್ತು. ವಾಷಿಂಗ್ಟನ್‌ಗೆ ಮಾತ್ರ ಮುಟ್ಟುತ್ತಿರಲಿಲ್ಲ.

ಅಪಾಯ ಇರುವುದೇ ಈ ಕೊನೆಯ ಮಾತಿನಲ್ಲಿ. ಮಾಸ್ಕೋ ಯುರೋಪನ್ನಷ್ಟೇ ಹೆದರಿಸಿತು ಅಂದುಕೊಳ್ಳಿ. ಹ್ಯಾಂಬರ್ಗ್ ಉಳಿಸಲು ಅಮೆರಿಕದ ಅಧ್ಯಕ್ಷ ನ್ಯೂಯಾರ್ಕನ್ನು ಪಣಕ್ಕಿಡುತ್ತಾನಾ? ಪ್ಯಾರಿಸ್ ಬಗ್ಗೆ ಇದೇ ಪ್ರಶ್ನೆಯನ್ನು ಫ್ರಾನ್ಸ್ ಅಧ್ಯಕ್ಷ ದ ಗಾಲ್ 1961ರಲ್ಲಿ ಕೆನಡಿಯ ಮುಖಕ್ಕೇ ಕೇಳಿದ್ದರು. ಫ್ರಾನ್ಸ್ ತನ್ನದೇ ಬಾಂಬ್ ಮಾಡಿಕೊಂಡು ಉತ್ತರ ಕಂಡುಕೊಂಡಿತು. ಜರ್ಮನಿಗೆ ಆ ದಾರಿ ಇರಲಿಲ್ಲ. ಅಣ್ವಸ್ತ್ರ ತಯಾರಿಸುವುದಿಲ್ಲ ಎಂದು ಅದು 1954ರಲ್ಲೇ ಮಾತು ಕೊಟ್ಟಿತ್ತು.

ಸಮುದ್ರದಲ್ಲಿ ಅಮೆರಿಕದ ಜಲಾಂತರ್ಗಾಮಿಗಳು ಇದ್ದವಲ್ಲ, ಅವೇ ಸಾಲದಾ ಎಂದು ಕೇಳಬಹುದು. ಗುರಿ ಮುಟ್ಟುವುದಷ್ಟೇ ಲೆಕ್ಕವಾದರೆ ಸಾಕು. ಆದರೆ ಜಲಾಂತರ್ಗಾಮಿ ಯಾರ ಕಣ್ಣಿಗೂ ಕಾಣುವುದಿಲ್ಲ, ಯಾವಾಗ ಬೇಕಾದರೂ ಸದ್ದಿಲ್ಲದೆ ಹೊರಟು ಹೋಗಬಹುದು. ಜರ್ಮನಿಯ ಮುಟ್ಲಾಂಗನ್ ಊರಿನ ಪಕ್ಕ ಅಮೆರಿಕದ ಸೈನಿಕರು ಕ್ಷಿಪಣಿ ಕಾಯುತ್ತಾ ನಿಂತರೆ ವಿಷಯವೇ ಬೇರೆ. ಸೋವಿಯತ್ ಸೇನೆ ಜರ್ಮನಿಗೆ ಕೈ ಹಾಕಿದ ಮೊದಲ ದಿನವೇ ಅಮೆರಿಕವೂ ಆ ಯುದ್ಧದಲ್ಲಿ ಸಿಕ್ಕಿಬೀಳುತ್ತದೆ. ಹಾಗೆ ಸಿಕ್ಕಿಹಾಕಿಸುವುದೇ ಉದ್ದೇಶ. ಪರ ವಾದದಲ್ಲಿ ಇದೇ ಗಟ್ಟಿ ಮಾತು ಅಂತ ನನಗನ್ನಿಸುತ್ತದೆ. ಕ್ಷಿಪಣಿ ಎಷ್ಟು ದೂರ ಹಾರುತ್ತದೆ ಅನ್ನುವುದಕ್ಕಿಂತ ಅದರ ಜೊತೆ ಯಾರು ನಿಂತಿದ್ದಾರೆ ಅನ್ನುವುದು ಮುಖ್ಯವಾಗಿತ್ತು.

ಜರ್ಮನಿ ಒಬ್ಬಂಟಿಯಾಗಿ ಈ ಭಾರ ಹೊರಲೂ ಇಲ್ಲ. 1979ರ ಡಿಸೆಂಬರ್ 12ರಂದು ಪಶ್ಚಿಮ ದೇಶಗಳ ಸೇನಾ ಕೂಟ ನ್ಯಾಟೋ ತೀರ್ಮಾನಿಸಿದ್ದು 108 ಪರ್ಶಿಂಗ್-2, 464 ಕ್ರೂಸ್ ಕ್ಷಿಪಣಿ. ಪರ್ಶಿಂಗ್ ಅಷ್ಟೂ ಜರ್ಮನಿಗೆ. ಕ್ರೂಸ್ ಮಾತ್ರ ಬ್ರಿಟನ್, ಇಟಲಿ, ಬೆಲ್ಜಿಯಂ, ನೆದರ್ಲೆಂಡ್ಸ್‌ಗೂ ಹಂಚಿಕೆಯಾಯಿತು. ಮೊದಲು ಮಾತುಕತೆ, ಅದು ಫಲಿಸದಿದ್ದರೆ ಕ್ಷಿಪಣಿ ಎಂದೂ ಆಗಲೇ ಹೇಳಿತ್ತು. ಎರಡೂ ಕಡೆ ಶೂನ್ಯಕ್ಕೆ ಬರೋಣ ಎಂದು 1981ರಲ್ಲಿ ಅಮೆರಿಕದ ಅಧ್ಯಕ್ಷ ರೇಗನ್ ಅಂದಾಗ ಮಾಸ್ಕೋ ಒಪ್ಪಲಿಲ್ಲ. 1987ರ ಡಿಸೆಂಬರ್ 8ರಂದು ಒಪ್ಪಿ ಸಹಿ ಹಾಕಿತು. ಆ ಒಪ್ಪಂದದ ಪ್ರಕಾರ ಸೋವಿಯತ್ 1,846 ಕ್ಷಿಪಣಿ ನಾಶ ಮಾಡಿತು, ಅಮೆರಿಕ 846. ಕೈಯಲ್ಲಿ ಏನೂ ಇಲ್ಲದೆ ಕೂತಿದ್ದರೆ ಈ ಚೌಕಾಸಿ ನಡೆಯುತ್ತಿತ್ತಾ?

ವಿರೋಧ

ಜಾಗ ಜರ್ಮನ್ನರದು, ಕ್ಷಿಪಣಿ ಹಾರಿಸುವ ಗುಂಡಿ ಅಮೆರಿಕದ್ದು. ಹಳೆಯ ಪರ್ಶಿಂಗ್-1ಎ ಕ್ಷಿಪಣಿಗಳಲ್ಲಿ ಕೆಲವು ಜರ್ಮನ್ ವಾಯುಪಡೆಯ ಬಳಿಯೇ ಇದ್ದವು. ಅವುಗಳ ಸಿಡಿತಲೆ ಮಾತ್ರ ಅಮೆರಿಕದ ಕಾವಲಿನಲ್ಲಿತ್ತು. ಅಂದರೆ ಇಬ್ಬರೂ ಒಪ್ಪಿದರೆ ಮಾತ್ರ ಹಾರಬೇಕು. ಪರ್ಶಿಂಗ್-2ರಲ್ಲಿ ಅದೂ ಹೋಯಿತು. ಹಾರಿಸಬೇಕಾ, ಯಾವಾಗ, ಎಲ್ಲಿಗೆ ಎಲ್ಲವೂ ವಾಷಿಂಗ್ಟನ್ ಕೈಯಲ್ಲಿ. ಉತ್ತರದ ಏಟು ಬೀಳುವುದು ಮಾತ್ರ ಕ್ಷಿಪಣಿ ನೆಲೆಗಳಿದ್ದ ಮುಟ್ಲಾಂಗನ್, ಹೈಲ್‌ಬ್ರಾನ್, ನೊಯ್-ಉಲ್ಮ್ ಮೇಲೆ. 'ಸಿಕ್ಕಿಹಾಕಿಸಿದೆವು' ಎಂದು ಬೀಗುವವರು ನಿಜವಾಗಿ ಸಿಕ್ಕಿಬಿದ್ದವರು ಯಾರು ಅಂತ ಸ್ವಲ್ಪ ಯೋಚಿಸಬೇಕು, ಅಲ್ವಾ?

ಪರ್ಶಿಂಗ್-2ಕ್ಕೆ ಗುರಿ ಮುಟ್ಟಲು ಸುಮಾರು ಹತ್ತು ನಿಮಿಷ ಸಾಕಿತ್ತು. ಇಷ್ಟು ವೇಗವಾಗಿ, ಇಷ್ಟು ಕರಾರುವಾಕ್ಕಾಗಿ ಬರುವ ಕ್ಷಿಪಣಿಯನ್ನು ಎದುರಾಳಿ ಮೊದಲೇ ಹೊಡೆದುಹಾಕಲು ನೋಡುತ್ತಾನೆ. 1983ರ ಸೆಪ್ಟೆಂಬರ್ 26ರಂದು ಸೋವಿಯತ್ ಅಧಿಕಾರಿ ಸ್ಟಾನಿಸ್ಲಾವ್ ಪೆಟ್ರೊವ್ ಮುಂದಿದ್ದ ಪರದೆ, ಅಮೆರಿಕದಿಂದ ಐದು ಕ್ಷಿಪಣಿ ಹೊರಟಿವೆ ಎಂದಿತು. ಇದು ಯಂತ್ರದ ತಪ್ಪು ಎಂದು ಅವರು ತೀರ್ಮಾನಿಸಿದರು. ಅಮೆರಿಕದಿಂದ ಬರುವ ಕ್ಷಿಪಣಿಗೆ ಅರ್ಧ ಗಂಟೆ ಬೇಕು. ಪಕ್ಕದ ಜರ್ಮನಿಯಿಂದ ಹೊರಟಿದ್ದರೆ ಯೋಚಿಸುವಷ್ಟು ಪುರುಸೊತ್ತು ಯಾರಿಗಿರುತ್ತಿತ್ತು?

ಯುದ್ಧದ ಮಾತು ಬಿಡಿ, ಶಾಂತಿ ಕಾಲದಲ್ಲೇ ಏನಾಯಿತು ನೋಡಿ. 1985ರ ಜನವರಿ 11, ಹೈಲ್‌ಬ್ರಾನ್ ನಗರದ ಪಕ್ಕದ ಗುಡ್ಡ, ವಾಲ್ಡ್‌ಹೈಡೆ ನೆಲೆ. ಮೈ ಕೊರೆಯುವ ಒಣ ಚಳಿ. ಅಮೆರಿಕದ ಸೈನಿಕರು ಕ್ರೇನ್ ಕಟ್ಟಿ ಕ್ಷಿಪಣಿಯ ಒಂದು ಭಾಗವನ್ನು ಪೆಟ್ಟಿಗೆಯಿಂದ ಎತ್ತುತ್ತಿದ್ದರು. ಪರ್ಶಿಂಗ್-2ರ ಹೊರಕವಚ ಲೋಹದ್ದಲ್ಲ, ಕೆವ್ಲಾರ್ ನಾರಿನದು. ಎತ್ತುವಾಗ ಅದರಲ್ಲಿ ಸ್ಥಿರ ವಿದ್ಯುತ್ ಕೂಡಿಕೊಂಡಿತು. ಒಂದು ಕಿಡಿ ಸಾಕಾಯಿತು, ಒಳಗಿದ್ದ ಘನ ಇಂಧನ ಹೊತ್ತಿಕೊಂಡಿತು. ಮೂವರು ಸೈನಿಕರು ಸತ್ತರು, 16 ಮಂದಿ ಗಾಯಗೊಂಡರು. ಅದಕ್ಕೆ ಸಿಡಿತಲೆ ಜೋಡಿಸಿರಲಿಲ್ಲ, ನಿಜ. ಆದರೆ ಗುಡ್ಡದ ಕೆಳಗೆ ಲಕ್ಷ ಜನರ ಊರು. ಅವರಿಗೆ ಈ ಸಮಾಧಾನ ಸಾಕಾಗಲಿಲ್ಲ, ಬೀದಿಗಿಳಿದರು.

ಜನರ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. 1981ರ ಅಕ್ಟೋಬರ್‌ನಲ್ಲಿ ಬಾನ್‌ನಲ್ಲಿ ಸುಮಾರು ಮೂರು ಲಕ್ಷ ಜನ ಸೇರಿದ್ದರು. 1983ರ ಅಕ್ಟೋಬರ್ 22ರಂದು ಸ್ಟುಟ್‌ಗಾರ್ಟ್‌ನಿಂದ ನೊಯ್-ಉಲ್ಮ್‌ವರೆಗೆ 108 ಕಿಲೋಮೀಟರ್ ಉದ್ದಕ್ಕೂ ಕೈಕೈ ಹಿಡಿದು ನಿಂತರು. ಕೊನೆಗೆ ಶ್ಮಿಟ್ ಅವರ ಪಕ್ಷವೇ ಅವರ ಕೈಬಿಟ್ಟಿತು. ಇಷ್ಟೆಲ್ಲ ಜನ ಮಾಸ್ಕೋದ ಮಾತಿಗೆ ಮರುಳಾದವರು ಅನ್ನುವುದು ಸುಮ್ನೆ ಬಾಯಿಮಾತು.

ಇನ್ನು 1987ರ ಒಪ್ಪಂದದ ಹಿರಿಮೆಯನ್ನು ಪರ್ಶಿಂಗ್‌ಗೇ ಕಟ್ಟುವುದು ಸರಿಯಲ್ಲ. ಕ್ಷಿಪಣಿ ಬಂದ ತಕ್ಷಣ ಆಗಿದ್ದೇನು? ಮಾತುಕತೆ ಮುರಿಯಿತು. ಅದು ಮತ್ತೆ ಶುರುವಾಗಿದ್ದು 1985ರಲ್ಲಿ, ಒಪ್ಪಂದಕ್ಕೆ ದಾರಿ ತೆರೆದದ್ದು ಅದೇ ವರ್ಷ ಅಧಿಕಾರಕ್ಕೆ ಬಂದ ಸೋವಿಯತ್ ನಾಯಕ ಗೋರ್ಬಚೆವ್.

ಪರ್ಶಿಂಗ್ ಇಲ್ಲದೆಯೇ ರಾಜಿ ಆಗುವ ಅವಕಾಶವೂ ಇತ್ತು. 1982ರ ಜುಲೈನಲ್ಲಿ ಅಮೆರಿಕದ ಸಂಧಾನಕಾರ ಪಾಲ್ ನಿಟ್ಜೆ, ಸೋವಿಯತ್‌ನ ಯೂಲಿ ಕ್ವಿಟ್ಸಿನ್ಸ್ಕಿ ಜಿನೀವಾ ಹತ್ತಿರದ ಕಾಡಿನಲ್ಲಿ ಅಡ್ಡಾಡುತ್ತಾ ಒಂದು ಸೂತ್ರಕ್ಕೆ ಬಂದಿದ್ದರು. ಯುರೋಪಿನಲ್ಲಿ ಎರಡೂ ಕಡೆ ಕ್ಷಿಪಣಿ ಹಾರಿಸುವ 75 ಲಾಂಚರ್, ಪರ್ಶಿಂಗ್-2 ಒಂದೂ ಬೇಡ. ವಾಷಿಂಗ್ಟನ್ ಒಪ್ಪಲಿಲ್ಲ, ಮಾಸ್ಕೋವೂ ಒಪ್ಪಲಿಲ್ಲ. ಬಾನ್ ಅನ್ನು ಮಾತ್ರ ಯಾರೂ ಕೇಳಲೇ ಇಲ್ಲ. ಕೇಳಿದ್ದರೆ ಒಪ್ಪುತ್ತಿದ್ದೆ ಎಂದು ಶ್ಮಿಟ್ ಆಮೇಲೆ ಹೇಳಿದರು.