ತಾಂಬೂಲದಲ್ಲಿ ರೋಟರ್

ಮೊನ್ನೆ ಮಿನರ್ವ ಸರ್ಕಲ್ ಹತ್ತಿರ ನನ್ನ ಫಿಯಟ್ ಪದ್ಮಿನಿ ಕಾರು ನಿಂತೇಬಿಟ್ಟಿತು. ಮಳೆ ಎನ್ನುವ ಹಾಗೂ ಇರಲಿಲ್ಲ, ಬರೀ ತುಂತುರು. ಅಷ್ಟಕ್ಕೇ, ಪ್ಲಗ್ಗುಗಳಿಗೆ ಸರದಿಯಂತೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪಿನೊಳಗೆ ತೇವ. ವೈರು ಕಿತ್ತು, ಕರ್ಚೀಫಿನಲ್ಲಿ ಕ್ಯಾಪ್ ಒರೆಸಿ, 1-3-4-2 ಎಂದು ಕಿಡಿಯ ಸರದಿ ಜಪಿಸುತ್ತಾ ಮತ್ತೆ ಸಿಕ್ಕಿಸುತ್ತಿದ್ದೆ. ಪಕ್ಕದ ಸ್ಕೂಟರಿನ ಹುಡುಗ ಹೆಲ್ಮೆಟ್ಟಿನ ಗಾಜು ಎತ್ತಿ, "ಅಂಕಲ್, ಎಲೆಕ್ಟ್ರಾನಿಕ್ ಹಾಕಿಸಿಬಿಡಿ" ಎಂದ. ಸಲಹೆ ಕೊಟ್ಟನೇ ಹೊರತು ತಳ್ಳಲು ಇಳಿಯಲಿಲ್ಲ.

ನಮ್ಮ ಮೆಕ್ಯಾನಿಕ್ಕಿನದೂ ಮೂರು ವರ್ಷದಿಂದ ಇದೇ ರಾಗ. "ಪಾಯಿಂಟ್ ಬಿಸಾಕಿ ಸಾರ್, ಸೆನ್ಸರ್ ಕೂರಿಸೋಣ." ಪಾಯಿಂಟ್ ಎಂದರೆ ಕಿಡಿ ಹುಟ್ಟಿಸಲು ಕರೆಂಟ್ ಕಡಿಯುವ ಪುಟ್ಟ ಸ್ವಿಚ್ಚು; ಸೆನ್ಸರ್ ಅದೇ ಕೆಲಸಕ್ಕೆ ಬರುವ ಎಲೆಕ್ಟ್ರಾನಿಕ್ ಬದಲಿ. ಅವನು ಹೇಳಿದ್ದರಲ್ಲಿ ತಪ್ಪೇನಿಲ್ಲ. ಇಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಆ ಬಡಪಾಯಿ ಪಾಯಿಂಟ್ ಸೆಕೆಂಡಿಗೆ 100 ಸಲ ಬಾಯಿ ಬಿಟ್ಟು ಮುಚ್ಚಬೇಕು. ಸವೆಯದೆ ಇನ್ನೇನು? ಪಾಯಿಂಟಿನ ಸಂದು ಅಳೆಯುವ ಫೀಲರ್ ಗೇಜ್ ಕೈಗೆ ಸಿಗದಾಗ ನಾನು ನಾಲ್ಕು ಶೇವಿಂಗ್ ಬ್ಲೇಡು ಜೋಡಿಸಿ ಗ್ಯಾಪ್ ಇಟ್ಟಿದ್ದೂ ಉಂಟು. ಒಂದು ಬ್ಲೇಡು 0.1 ಮಿಲಿಮೀಟರ್. ನಾಲ್ಕಾದರೆ ಹೆಚ್ಚೂಕಡಿಮೆ ಸರಿ. ಆದರೆ ಸ್ಕೂಟರಿನ ಪಂಡಿತನಿಗೆ ಹೇಳುವವರು ಯಾರು? ಸೆನ್ಸರ್ ಹಾಕಿದರೂ ಕ್ಯಾಪ್ ಅದೇ, ಅದರೊಳಗೆ ತಿರುಗುತ್ತಾ ಕರೆಂಟ್ ಹಂಚುವ ರೋಟರ್ ಅದೇ. ಒದ್ದೆಯಾದರೆ ಆಗಲೂ ಒರೆಸಲೇಬೇಕು!

ರೋಟರ್ ಎಂದರೆ ನೆನಪಾಗುವುದು ನಮ್ಮ ಸೋದರಮಾವ. ಅವರದೂ ಫಿಯಟ್. ಎಲ್ಲಿ ನಿಲ್ಲಿಸಿದರೂ ಬಾನೆಟ್ ಎತ್ತಿ, ರೋಟರ್ ಕಿತ್ತು ಜೇಬಿಗೆ ಹಾಕಿಕೊಳ್ಳುವರು. ಅದಿಲ್ಲದೆ ಕಳ್ಳನ ಅಪ್ಪ ಬಂದರೂ ಗಾಡಿ ಹೊರಡದು. ಅರಸೀಕೆರೆಯಲ್ಲಿ ಅಕ್ಕನ ಮದುವೆ. ಹುಡುಗಿಯನ್ನು ಮಂಟಪಕ್ಕೆ ಕರೆತರಬೇಕಾದವರು ಇವರು, ಪಂಚೆ ಉಟ್ಟರು. ಪಂಚೆಗೆ ಎಲ್ಲಿಯ ಜೇಬು? ಕೈಗೆ ಸಿಕ್ಕ ಚೀಲವೊಂದಕ್ಕೆ ರೋಟರ್ ಇಳಿಸಿದರು. ಅದು ತಾಂಬೂಲದ ಚೀಲ. ಅಂಥವು ಇನ್ನೂರಿದ್ದವು.

ಹೆಣ್ಣು ಒಪ್ಪಿಸಿ ಆಯಿತು. ಮದುಮಕ್ಕಳು ಹೊರಡಬೇಕಾದ್ದು ಅದೇ ಫಿಯಟ್ಟಿನಲ್ಲಿ. ಮಾವ ಛತ್ರದ ಬಾಗಿಲಲ್ಲಿ ನಿಂತು, ಹೊರಟವರ ಚೀಲಗಳನ್ನೆಲ್ಲ ಇಸಿದುಕೊಂಡು, ತೆಂಗಿನಕಾಯಿ ತೆಗೆದು ತಡಕತೊಡಗಿದರು. ಕೊಟ್ಟ ಕಾಯಿ ವಾಪಸ್ ಕೇಳುತ್ತಿದ್ದಾರೆ ಎಂದು ಬೀಗರ ಮುಖ ಊದಿತು. ಅತ್ತೆ ಕಂಬದ ಹಿಂದೆ ಹೋಗಿ ನಿಂತರು. ಕೊನೆಗೆ ರೋಟರ್ ಸಿಕ್ಕಿದ್ದು ಬಸ್ ಸ್ಟ್ಯಾಂಡಿನಲ್ಲಿ, ತಿಪಟೂರು ಬಸ್ಸಿನ ಕಿಟಕಿ ಪಕ್ಕ ಕೂತಿದ್ದ ಅಜ್ಜಿಯ ಚೀಲದಲ್ಲಿ. ಅಜ್ಜಿ ಬಿಡಲೊಲ್ಲಳು. "ತಾಂಬೂಲ ಕೊಟ್ಟು ಕಿತ್ಕೊಳ್ತಾರೇನಪ್ಪಾ?" ಎಂದಳಂತೆ. ಕಂಡಕ್ಟರ್ ಸೀಟಿ ಊದುತ್ತಿದ್ದ. ಮಾವ ಎರಡು ತೆಂಗಿನಕಾಯಿ ಕೊಟ್ಟು ರೋಟರ್ ಬಿಡಿಸಿಕೊಂಡು ಬಂದರು. ಭಾವ ಈಗಲೂ ಈ ಕತೆಗೆ ನಗುವುದಿಲ್ಲ.

ನಾನು ಹೇಳಹೊರಟಿದ್ದು ಪಾಯಿಂಟನ್ನು ಯಾಕೆ ಬಿಸಾಕಲಾರೆ ಎಂದು. ಏನೋ ಒಳ್ಳೆಯ ಕಾರಣವೇ ಇತ್ತು. ಸುಳ್ಳು ಯಾಕೆ, ಸೆನ್ಸರ್ ಕಿಟ್ ತಂದೂ ಆಗಿದೆ. ಜೆ.ಸಿ. ರಸ್ತೆಯಲ್ಲಿ ಅರ್ಧ ಗಂಟೆ ಚೌಕಾಸಿ ಮಾಡಿ ತಂದದ್ದು. ಡ್ಯಾಶ್‌ಬೋರ್ಡಿನ ಖಾನೆಯಲ್ಲಿ, ಬ್ಲೇಡಿನ ಪ್ಯಾಕೆಟ್ಟಿನ ಪಕ್ಕ, ಡಬ್ಬಿ ಒಡೆಯದೆ ಕೂತಿದೆ. ಮೆಕ್ಯಾನಿಕ್ ಮುಂದಿನ ವಾರ ಬನ್ನಿ ಎಂದಿದ್ದಾನೆ. ಮುಂದಿನ ವಾರ ಮಳೆ ಇರಬಹುದು.